ಬುದ್ಧನ ಎದುರು ಸಾಲು ಬೆಂಚು: ಅಮೆರಿಕದ ಬೌದ್ಧ ಮಂದಿರಗಳು ಚರ್ಚಿನ ಹಾಗೆ ಯಾಕಿವೆ?

ಪ್ರಶ್ನೆ: ಈಚೆಗೆ ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದೆವು. ಸ್ಯಾನ್ ಹೊಸೆಯ ಜಪಾನ್‌ಟೌನಿನಲ್ಲಿ ಒಂದು ಬೌದ್ಧ ಮಂದಿರ ನೋಡಿದೆವು. ಹೊರಗಿನಿಂದ ಅಪ್ಪಟ ಜಪಾನಿ ಕಟ್ಟಡ, ಹೆಸರು ಮಾತ್ರ ‘ಬುದ್ಧಿಸ್ಟ್ ಚರ್ಚ್’. ಒಳಗೆ ಚರ್ಚಿನ ಹಾಗೆಯೇ ಸಾಲು ಬೆಂಚುಗಳು. ಭಾನುವಾರ ಬೆಳಿಗ್ಗೆ ಪ್ರಾರ್ಥನೆ, ಹಾಡು, ಮಕ್ಕಳಿಗೆ ಪಾಠ. ಅಮೆರಿಕದವರು ಒತ್ತಾಯ ಮಾಡಿ ಹೀಗೆ ಮಾಡಿಸಿದರೇ, ಇಲ್ಲ ಇವರೇ ನೋಡಿ ಕಲಿತರೇ? ವಿವೇಕಾನಂದರು ಮಾತಾಡಿದ ಚಿಕಾಗೊ ಸಮ್ಮೇಳನಕ್ಕೂ ಇದಕ್ಕೂ ಸಂಬಂಧ ಇದೆಯೇ? ಮೊಮ್ಮಗಳು ಕಾಲೇಜಿನಲ್ಲಿ ಇತಿಹಾಸ ತೆಗೆದುಕೊಂಡಿದ್ದಾಳೆ. ಇಂಥ ವಿಷಯದಲ್ಲಿ ಸಂಶೋಧನೆ ಮಾಡುವವರು ಏನನ್ನು ಓದುತ್ತಾರೆ ಎಂದೂ ಕೇಳುತ್ತಿದ್ದಾಳೆ.
– ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ಒತ್ತಾಯ ಇತ್ತು. ನೋಡಿ ಕಲಿತದ್ದೂ ಇತ್ತು. ಆದರೆ ಎರಡರಲ್ಲಿ ಒಂದನ್ನು ಆರಿಸಿ ಎಂದರೆ ನಾನು ಆರಿಸುವುದಿಲ್ಲ. ನೀವು ಸ್ಯಾನ್ ಹೊಸೆಯಲ್ಲಿ ಕಂಡದ್ದರಲ್ಲಿ ಬಹುಪಾಲು ಜಪಾನಿನಲ್ಲೇ ತಯಾರಾಗಿತ್ತು. ಜಪಾನಿನಲ್ಲಿ ಅದು ತಯಾರಾಗಲು ಕಾರಣ ಅಲ್ಲಿಗೆ ಹೋದ ಅಮೆರಿಕನ್ನರು. ಪೆಸಿಫಿಕ್ ಸಾಗರದ ಮೇಲೆ ಜನ, ಹಣ, ಹಾಡು, ಪುಸ್ತಕ ಎಲ್ಲವೂ ಎರಡೂ ಕಡೆಗೆ ಓಡಾಡಿವೆ. ಒಂದೇ ದಿಕ್ಕಿನಲ್ಲಿ ನೋಡಿದರೆ ಕಥೆ ಕೆಟ್ಟುಹೋಗುತ್ತದೆ.

ಮೊದಲು ಹವಾಯಿಗೆ ಹೋಗೋಣ. 1819ರ ಅಕ್ಟೋಬರಿನಲ್ಲಿ ಬೋಸ್ಟನ್ನಿನಿಂದ ‘ಥಡ್ಡಿಯಸ್’ ಎಂಬ ಹಡಗು ಹೊರಟಿತು. ಅದರಲ್ಲಿ ನ್ಯೂ ಇಂಗ್ಲೆಂಡಿನ ಮಿಶನರಿ ಕುಟುಂಬಗಳಿದ್ದವು. ಪನಾಮಾ ಕಾಲುವೆ ಆಗಿನ್ನೂ ಇಲ್ಲ. ದಕ್ಷಿಣ ಅಮೆರಿಕದ ತುದಿ ಸುತ್ತಿಕೊಂಡು, ಐದು ತಿಂಗಳಿಗೂ ಜಾಸ್ತಿ ಪ್ರಯಾಣ ಮಾಡಿ, 1820ರಲ್ಲಿ ಅವರು ಹವಾಯಿ ತಲುಪಿದರು. ಇವರನ್ನು ಕಳಿಸಿದ್ದು ‘ಅಮೆರಿಕನ್ ಬೋರ್ಡ್’ ಎಂದು ಕರೆಸಿಕೊಳ್ಳುತ್ತಿದ್ದ ಮಿಶನ್ ಸಂಸ್ಥೆ. ಅದಕ್ಕೆ ಏಳೆಂಟು ವರ್ಷ ಮೊದಲೇ ಅದೇ ಸಂಸ್ಥೆಯವರು ಬಾಂಬೆಗೂ ಬಂದಿದ್ದರು.

ಹವಾಯಿಯ ಮಿಶನರಿಗಳು ಶಾಲೆ ಕಟ್ಟಿದರು, ಹವಾಯಿ ಭಾಷೆಗೆ ಲಿಪಿ ಹೊಂದಿಸಿದರು, ಬೈಬಲ್ ಅಚ್ಚುಹಾಕಿದರು. ಅವರ ಮಕ್ಕಳ ಕಾಲಕ್ಕೆ ಲೆಕ್ಕಾಚಾರ ಬದಲಾಯಿತು. ಮಿಶನರಿಗಳಾಗಿ ಬಂದಿದ್ದ ಕ್ಯಾಸಲ್ ಮತ್ತು ಕುಕ್ 1851ರಲ್ಲಿ ವ್ಯಾಪಾರಕ್ಕಿಳಿದರು. ಮಿಶನರಿಗಳ ಮಕ್ಕಳಾದ ಅಲೆಕ್ಸಾಂಡರ್ ಮತ್ತು ಬಾಲ್ಡ್‌ವಿನ್ 1870ರ ಹೊತ್ತಿಗೆ ಕಬ್ಬಿನ ತೋಟ ಎಬ್ಬಿಸಿದರು. 1893ರಲ್ಲಿ ಹವಾಯಿಯ ರಾಣಿ ಲಿಲಿಯೊಕಲಾನಿಯನ್ನು ಪಟ್ಟದಿಂದ ಇಳಿಸಿದಾಗ ಅಧಿಕಾರ ಹಿಡಿದ ಸ್ಯಾನ್‌ಫರ್ಡ್ ಡೋಲ್ ಕೂಡ ಮಿಶನರಿಯ ಮಗನೇ. ಐದು ವರ್ಷಕ್ಕೆ, 1898ರಲ್ಲಿ, ಹವಾಯಿ ಅಮೆರಿಕದ ಪಾಲಾಯಿತು.

ಕಬ್ಬು ಬೆಳೆಯಬೇಕೆಂದರೆ ಕೂಲಿಯವರು ಬೇಕು, ಅಲ್ವಾ? ಮೊದಲು ಚೀನಾದಿಂದ ತಂದರು. 1885ರಿಂದ ಜಪಾನ್ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ಹಡಗು ಹಡಗಾಗಿ ಜಪಾನಿಯರನ್ನು ಕರೆಸಿದರು. ಬಂದವರಲ್ಲಿ ಹೆಚ್ಚಿನವರು ಹಿರೋಶಿಮಾ, ಯಮಗುಚಿ ಕಡೆಯ ರೈತರು. ಆ ಸೀಮೆಯಲ್ಲಿ ಜೋಡೊ ಶಿನ್‌ಶು ಎಂಬ ಬೌದ್ಧ ಪಂಥದ ಬೇರು ಬಹಳ ಆಳ. ಕ್ಯೋಟೊದ ನಿಶಿ ಹೊಂಗ್ವಾಂಜಿ ಅದರ ದೊಡ್ಡ ಮಠ. ಅಮಿತಾಭ ಬುದ್ಧನ ಹೆಸರು ಹೇಳಿ ಶರಣಾಗುವುದೇ ಇವರ ಸಾಧನೆ. ಗುರುಗಳು ಮದುವೆಯಾಗಿ ಸಂಸಾರ ಮಾಡುತ್ತಾರೆ. ಭಕ್ತರು ಒಟ್ಟಿಗೆ ಕೂತು ಪ್ರವಚನ ಕೇಳುವ ರೂಢಿ ಶತಮಾನಗಳಷ್ಟು ಹಳೆಯದು. ಇದನ್ನು ಗಮನದಲ್ಲಿಡಿ. ಸಭೆ ಸೇರುವುದು, ಬೋಧನೆ ಕೇಳುವುದು ಇವೆರಡನ್ನೂ ಚರ್ಚಿನಿಂದ ಕಲಿಯುವ ಅಗತ್ಯ ಇವರಿಗೆ ಇರಲಿಲ್ಲ. ಅವರಲ್ಲಿ ಹೊಸದಾಗಿ ಸೇರಿಕೊಂಡದ್ದು ಬೆಂಚು, ಭಾನುವಾರ ಮತ್ತು ವಾದ್ಯ.

ಭಾನುವಾರದ ವಿಷಯ ಸುಲಭ. ಕಬ್ಬಿನ ತೋಟದಲ್ಲಿ ವಾರಕ್ಕೆ ಆರು ದಿನ ದುಡಿತ, ರಜೆ ಒಂದೇ ದಿನ. ಜನ ಬಿಡುವಾಗಿದ್ದ ದಿನವೇ ಪೂಜೆ ನಡೆಯಬೇಕು. ಅತ್ತ ಜಪಾನ್ ಸರ್ಕಾರ ಕೂಡ 1876ರಲ್ಲೇ ತನ್ನ ಕಚೇರಿಗಳಿಗೆ ಭಾನುವಾರದ ರಜೆ ಕೊಟ್ಟಿತ್ತು. ಇದರಲ್ಲಿ ಧರ್ಮಕ್ಕಿಂತ ಕೂಲಿಯ ಕ್ಯಾಲೆಂಡರಿನ ಪಾತ್ರ ದೊಡ್ಡದು.

ವಾದ್ಯದ ಕಥೆ ನನಗೆ ಬಹಳ ಇಷ್ಟ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೇಜಿ ಚಕ್ರವರ್ತಿಯ ಕಾಲದಲ್ಲಿ, ಅಂದರೆ 1868ರ ನಂತರ, ಜಪಾನ್ ಸರ್ಕಾರಕ್ಕೆ ಶಾಲೆಗಳಲ್ಲಿ ಸಂಗೀತ ಕಲಿಸಬೇಕು ಅನ್ನಿಸಿತು. ಇಸಾವಾ ಶೂಜಿ ಎಂಬ ಅಧಿಕಾರಿ ಅಮೆರಿಕದಲ್ಲಿ ಓದಿ ಬಂದಿದ್ದರು. ಬೋಸ್ಟನ್ನಿನ ಸಂಗೀತ ಮೇಷ್ಟ್ರು ಲೂಥರ್ ವೈಟಿಂಗ್ ಮೇಸನ್ ಅವರನ್ನು 1880ರಲ್ಲಿ ಟೋಕಿಯೊಗೆ ಕರೆಸಿದರು. ಇಬ್ಬರೂ ಸೇರಿ ಮಕ್ಕಳಿಗೆ ಹಾಡಿನ ಪುಸ್ತಕ ಮಾಡಿದರು. ಅದರಲ್ಲಿ ಹಲವು ಮಟ್ಟುಗಳು ಪಶ್ಚಿಮದವು, ಕೆಲವಂತೂ ಚರ್ಚಿನ ಹಾಡಿನವೇ. ಮಾತು ಮಾತ್ರ ಜಪಾನಿ. ಹಾಡಿಗೆ ಶ್ರುತಿ ಹಿಡಿಯಲು ಶಾಲೆಗಳಿಗೆ ಅಮೆರಿಕದಿಂದ ಆರ್ಗನ್ ಎಂಬ ಗಾಳಿಪೆಟ್ಟಿಗೆ ಬಂತು, ಕಾಲಲ್ಲಿ ತಿದಿ ತುಳಿದು ನುಡಿಸುವಂಥದ್ದು. 1887ರಲ್ಲಿ ಹಮಾಮಾತ್ಸು ಊರಿನ ಶಾಲೆಯಲ್ಲಿ ಅಂಥದ್ದೊಂದು ಕೆಟ್ಟಿತು. ರಿಪೇರಿಗೆ ಕರೆದದ್ದು ಗಡಿಯಾರ, ವೈದ್ಯಕೀಯ ಉಪಕರಣ ಸರಿಮಾಡುತ್ತಿದ್ದ ಒಬ್ಬ ಕುಶಲಿಯನ್ನು. ಅವರು ಅದನ್ನು ಬಿಚ್ಚಿ ನೋಡಿದರು, ಸರಿ ಮಾಡಿದರು, ಆಮೇಲೆ ತಾವೇ ಒಂದು ಮಾಡಿದರು. ಅವರ ಹೆಸರು ಯಮಾಹಾ ತೊರಾಕುಸು. ಹೌದು, ಅದೇ ಯಮಾಹಾ.

ಅಂದರೆ ಹವಾಯಿಗೋ ಕ್ಯಾಲಿಫೋರ್ನಿಯಾಕ್ಕೋ ಬಂದ ಜಪಾನಿ ಯುವಕನಿಗೆ ಆರ್ಗನ್ ಜೊತೆ ಹಾಡುವುದು ಪರಕೀಯ ಅನ್ನಿಸಲೇಬೇಕಿರಲಿಲ್ಲ. ಅದು ಅವನ ಊರಿನ ಶಾಲೆಯ ನೆನಪು. ಬುದ್ಧನ ಮೇಲೆ ‘ಗಾಥಾ’ ಎಂಬ ಹಾಡುಗಳು ಆ ಧಾಟಿಯಲ್ಲೇ ಹುಟ್ಟಿದವು. ಇಂದು ಕ್ಯಾಲಿಫೋರ್ನಿಯಾದಲ್ಲಿ ಕೇಳಿದವರಿಗೆ ‘ಓ, ಚರ್ಚಿನ ಹಾಡು’ ಅನ್ನಿಸುತ್ತದೆ. ಅನ್ನಿಸುವುದು ತಪ್ಪಲ್ಲ, ಆದರೆ ಅದು ಬಂದ ದಾರಿ ಟೋಕಿಯೊದ ಮೇಲೆ ಹಾದಿದೆ.

ಈಗ ಕ್ಯೋಟೊ. 1868ರ ನಂತರ ಜಪಾನಿನಲ್ಲಿ ಬೌದ್ಧ ಮಠಗಳಿಗೆ ಕೆಟ್ಟ ಕಾಲ ಬಂತು. ಜಪಾನಿನ ನಾಡಧರ್ಮವಾದ ಶಿಂಟೊವನ್ನು ರಾಜ್ಯದ ಕಡೆ ಎಳೆದುಕೊಂಡ ಹೊಸ ಸರ್ಕಾರ ಬೌದ್ಧರನ್ನು ದೂರ ತಳ್ಳಿತು. ಊರೂರಲ್ಲಿ ಮಂದಿರ ಒಡೆದರು, ಗಂಟೆ ಕರಗಿಸಿದರು. ಅದೇ ಹೊತ್ತಿಗೆ, 1873ರಲ್ಲಿ, ಕ್ರೈಸ್ತ ಧರ್ಮದ ಮೇಲಿನ ನಿಷೇಧದ ಫಲಕಗಳು ಇಳಿದವು. ಎರಡು ವರ್ಷಕ್ಕೆ ನೀಜಿಮಾ ಜೋ ಕ್ಯೋಟೊದಲ್ಲೇ ಕ್ರೈಸ್ತ ಶಾಲೆ ತೆರೆದರು. ಅವರು 1864ರಲ್ಲಿ, ದೇಶ ಬಿಟ್ಟರೆ ಮರಣದಂಡನೆ ಇದ್ದ ಕಾಲದಲ್ಲಿ, ಹಕೊದಾತೆ ಬಂದರಿನಿಂದ ಕದ್ದು ಹಡಗು ಹತ್ತಿದವರು. ಬೋಸ್ಟನ್ ಸೇರಿ, ಆಮ್‌ಹರ್ಸ್ಟ್ ಕಾಲೇಜಿನಲ್ಲಿ ಓದಿ, ಪಾದ್ರಿಯಾಗಿ ಮರಳಿದವರು. ಅವರ ದೋಶಿಶಾ ಶಾಲೆ ಈಗ ದೊಡ್ಡ ವಿಶ್ವವಿದ್ಯಾಲಯ. ಮಠಗಳ ಊರಿನಲ್ಲಿ ಚರ್ಚಿನ ಶಾಲೆ ಎಂದು ಆಗ ಬೌದ್ಧ ಗುರುಗಳು ಗಲಾಟೆ ಮಾಡಿದರು.

ಗಲಾಟೆ ಮಾಡಿದರು, ಜೊತೆಗೆ ಕಲಿತರು ಕೂಡ. 1880ರ ದಶಕದಲ್ಲಿ ನಿಶಿ ಹೊಂಗ್ವಾಂಜಿ ಇಂಗ್ಲಿಷಿಗೆ ಒತ್ತು ಕೊಡುವ ತನ್ನದೇ ಶಾಲೆ ಶುರುಮಾಡಿತು. ಅಲ್ಲಿನ ಹುಡುಗರು 1886ರಲ್ಲಿ ಕುಡಿತ ಬಿಡಿಸುವ ಸಂಘ ಕಟ್ಟಿದರು. ಪಾನನಿರೋಧ ಆಗ ಅಮೆರಿಕದ ಪ್ರಾಟೆಸ್ಟೆಂಟರ ದೊಡ್ಡ ಹುಚ್ಚು, ಆ ಗಾಳಿ ಬೌದ್ಧ ಹಾಸ್ಟೆಲಿಗೂ ತಟ್ಟಿತ್ತು. ಆ ಸಂಘದ ಪತ್ರಿಕೆ ಮುಂದೆ ಹೆಸರು ಬದಲಿಸಿ ‘ಚುಓ ಕೊರೊನ್’ ಆಯಿತು. ಜಪಾನಿನ ಅತಿ ಗಣ್ಯ ಮಾಸಪತ್ರಿಕೆಗಳಲ್ಲಿ ಅದೊಂದು. 1889ರಲ್ಲಿ ಕ್ಯೋಟೊದ ಬೌದ್ಧರ ಒಂದು ಗುಂಪು ಕರ್ನಲ್ ಹೆನ್ರಿ ಆಲ್ಕಾಟ್ ಅವರನ್ನು ಜಪಾನಿಗೆ ಕರೆಸಿತು. ನಮ್ಮ ಪಕ್ಕದ ಮದ್ರಾಸಿನ ಅಡ್ಯಾರಿನಲ್ಲಿ ಥಿಯಾಸಾಫಿಕಲ್ ಸೊಸೈಟಿ ನಡೆಸುತ್ತಿದ್ದ ಅಮೆರಿಕನ್ ಅವರು. ಸಿಂಹಳದಲ್ಲಿ ಬೌದ್ಧ ಶಾಲೆ, ಪ್ರಶ್ನೋತ್ತರ ರೂಪದ ಬೌದ್ಧ ಪಾಠಪುಸ್ತಕ ಎಲ್ಲ ಮಾಡಿ ಹೆಸರಾಗಿದ್ದರು. ಮಿಶನರಿಗಳನ್ನು ಎದುರಿಸಲು ಮಿಶನರಿಗಳ ಹಾಗೇ ಸಂಘಟನೆ ಮಾಡಿ ಎಂದು ಅಮೆರಿಕನ್ ಒಬ್ಬರು ಜಪಾನಿ ಬೌದ್ಧರಿಗೆ ಊರೂರು ತಿರುಗಿ ಹೇಳಿದರು. ಯುವಕರ ಕ್ರೈಸ್ತ ಸಂಘ ವೈಎಂಸಿಎ ಇದೆಯಲ್ಲ, ಅದೇ ಮಾದರಿಯಲ್ಲಿ ಯುವ ಬೌದ್ಧ ಸಂಘಗಳು ಜಪಾನಿನಲ್ಲಿ ಎದ್ದವು.

ಇನ್ನು ನಿಮ್ಮ ಚಿಕಾಗೊ ಪ್ರಶ್ನೆ. 1892ರಲ್ಲಿ ವಿವೇಕಾನಂದರು ಮೈಸೂರಿಗೆ ಬಂದದ್ದು, ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಚಾಮರಾಜೇಂದ್ರ ಒಡೆಯರ್ ಅವರ ಆತಿಥ್ಯ ಪಡೆದದ್ದು ನಮಗೆಲ್ಲ ಗೊತ್ತು. ಅವರು ಅಮೆರಿಕಕ್ಕೆ ಯಾವ ದಾರಿಯಲ್ಲಿ ಹೋದರು ಎಂಬುದನ್ನು ಮಾತ್ರ ಅಷ್ಟಾಗಿ ಯಾರೂ ಗಮನಿಸುವುದಿಲ್ಲ. 1893ರ ಮೇ 31ರಂದು ಬಾಂಬೆ ಬಿಟ್ಟು ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್ ಮೇಲೆ ಜಪಾನಿಗೆ ಹೋದರು. ನಾಗಸಾಕಿ, ಕೋಬೆ, ಕ್ಯೋಟೊ, ಟೋಕಿಯೊ ನೋಡಿದರು. ಯೊಕೊಹಾಮಾದಿಂದ ‘ಎಂಪ್ರೆಸ್ ಆಫ್ ಇಂಡಿಯಾ’ ಹಡಗು ಹತ್ತಿ ಪೆಸಿಫಿಕ್ ದಾಟಿ ಜುಲೈ 25ಕ್ಕೆ ಕೆನಡಾದ ವ್ಯಾಂಕೂವರ್‌ನಲ್ಲಿ ಇಳಿದರು. ಜುಲೈ 10ರಂದು ಯೊಕೊಹಾಮಾದಿಂದ ಮದ್ರಾಸಿನ ಶಿಷ್ಯರಿಗೆ ಬರೆದ ಪತ್ರದಲ್ಲಿ, ಜಪಾನಿನ ಮಂದಿರಗಳಲ್ಲಿ ಹಳೆಯ ಬಂಗಾಳಿ ಲಿಪಿಯಲ್ಲಿ ಸಂಸ್ಕೃತ ಮಂತ್ರ ಬರೆದಿರುವುದನ್ನು ನೋಡಿ ಬೆರಗಾದದ್ದು ಇದೆ. ಆ ಹಡಗಿನಲ್ಲಿ ಜೆಮ್‌ಶೆಟ್‌ಜಿ ಟಾಟಾ ಸಹಪ್ರಯಾಣಿಕರಾಗಿದ್ದರು. ಐದು ವರ್ಷದ ನಂತರ ಟಾಟಾ ತಾವು ಯೋಚಿಸಿದ್ದ ವಿಜ್ಞಾನ ಸಂಸ್ಥೆಯ ಬಗ್ಗೆ ವಿವೇಕಾನಂದರಿಗೆ ಬರೆದ ಪತ್ರದಲ್ಲಿ ಆ ಪ್ರಯಾಣವನ್ನು ನೆನೆದಿದ್ದಾರೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಹಡಗಿನ ಮೇಲೇ ಹುಟ್ಟಿತು ಎಂದು ಕೆಲವರು ಹೇಳುತ್ತಾರೆ. ಅಷ್ಟು ದೂರ ಹೋಗುವುದು ಬೇಡ. ಪತ್ರದಲ್ಲಿ ಇರುವಷ್ಟನ್ನು ನಂಬೋಣ.

ಆ ಸಮ್ಮೇಳನಕ್ಕೆ ಜಪಾನಿನಿಂದಲೂ ಬೌದ್ಧರು ಬಂದಿದ್ದರು. ಅವರಲ್ಲಿ ಹಿರಾಯ್ ಕಿಂಜೊ ಇಂಗ್ಲಿಷ್ ಚೆನ್ನಾಗಿ ಬಲ್ಲವರು, ಆಲ್ಕಾಟ್‌ರನ್ನು ಜಪಾನಿಗೆ ಕರೆಸಿದ ಗುಂಪಿನವರು. ಚಿಕಾಗೊದಲ್ಲಿ ಅವರು ಧರ್ಮದ ತತ್ವ ಹೇಳುತ್ತಾ ಕೂರಲಿಲ್ಲ. ಪಶ್ಚಿಮದ ದೇಶಗಳು ಜಪಾನಿನ ಮೇಲೆ ಹೇರಿದ ಅಸಮಾನ ಒಪ್ಪಂದಗಳ ಬಗ್ಗೆ ಮಾತಾಡಿದರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜಪಾನಿ ಮಕ್ಕಳನ್ನು ಶಾಲೆಯಿಂದ ಹೊರಗಿಡುವುದನ್ನು, ‘ಜಪಾನಿಯರಿಗೆ ಪ್ರವೇಶ ಇಲ್ಲ’ ಎಂಬ ಬೋರ್ಡನ್ನು ಎತ್ತಿ ಆಡಿದರು. ಇದು ಕ್ರೈಸ್ತ ನೀತಿ ಆಗಿದ್ದರೆ ನಾವು ಅನ್ಯಧರ್ಮೀಯರಾಗಿಯೇ ಇರಲು ಖುಷಿಪಡುತ್ತೇವೆ ಎಂಬರ್ಥದ ಮಾತಾಡಿದರು. ಸಭೆ ಚಪ್ಪಾಳೆ ತಟ್ಟಿತು. ನಮ್ಮ ಪಠ್ಯಪುಸ್ತಕಗಳು ವಿವೇಕಾನಂದರೊಬ್ಬರನ್ನೇ ಆ ವೇದಿಕೆ ಮೇಲೆ ನಿಲ್ಲಿಸಿವೆ. ಪಕ್ಕದಲ್ಲಿದ್ದ ಹಿರಾಯ್ ಅವರನ್ನೂ ಕೇಳಿಸಿಕೊಂಡರೆ ಆ ಸಭೆಯ ಬಿಸಿ ಬೇರೆಯೇ ಗೊತ್ತಾಗುತ್ತದೆ.

ಅದೇ ಸಮ್ಮೇಳನದಿಂದ ಸಿಂಹಳಕ್ಕೆ ಮರಳುತ್ತಿದ್ದ ಅನಾಗರಿಕ ಧರ್ಮಪಾಲರು ಅಕ್ಟೋಬರಿನಲ್ಲಿ ಹೊನೊಲುಲುವಿನಲ್ಲಿ ಹಡಗು ನಿಂತಾಗ ಮೇರಿ ಫಾಸ್ಟರ್ ಎಂಬ ಶ್ರೀಮಂತ ಮಹಿಳೆಯನ್ನು ಭೇಟಿಯಾದರು. ಹವಾಯಿಯ ರಾಜಮನೆತನದ ರಕ್ತಸಂಬಂಧ ಇದ್ದವರು ಆಕೆ. ಆ ಒಂದು ಭೇಟಿಯಿಂದ ಮುಂದೆ ಧರ್ಮಪಾಲರು ಕಟ್ಟಿದ್ದ ಮಹಾಬೋಧಿ ಸೊಸೈಟಿಗೆ ದಶಕಗಳ ಕಾಲ ದೊಡ್ಡ ಮೊತ್ತದ ದಾನ ಹರಿದುಬಂತು. ಸಾರನಾಥದ ಮೂಲಗಂಧಕುಟಿ ವಿಹಾರಕ್ಕೂ ಆಕೆಯ ಹಣ ಸೇರಿದೆ. ಧರ್ಮಪಾಲರು ಕಳಿಸಿದ ಬೋಧಿವೃಕ್ಷದ ಸಸಿ ಹೊನೊಲುಲುವಿನ ಫಾಸ್ಟರ್ ಉದ್ಯಾನದಲ್ಲಿ ಈಗ ದೊಡ್ಡ ಮರ.

ಇಷ್ಟಾದರೂ, ಚಿಕಾಗೊ ಸಮ್ಮೇಳನದಿಂದ ಸ್ಯಾನ್ ಹೊಸೆಯ ಮಂದಿರಕ್ಕೆ ನೇರ ಗೆರೆ ಎಳೆಯಲು ನಾನು ಒಪ್ಪುವುದಿಲ್ಲ. ಚಿಕಾಗೊದಿಂದ ಹುಟ್ಟಿದ್ದು ಓದುಬರಹ ಬಲ್ಲ ಬಿಳಿಯರ ಕುತೂಹಲ. ಧ್ಯಾನಕ್ಕೆ ಒತ್ತು ಕೊಡುವ ಝೆನ್ ಪಂಥದ ಗುರು ಶಾಕು ಸೋಯೆನ್ ಅಲ್ಲಿಗೆ ಬಂದಿದ್ದರು. ಅವರ ಶಿಷ್ಯ ಡಿ. ಟಿ. ಸುಜುಕಿ 1897ರಲ್ಲಿ ಇಲಿನಾಯ್‌ಗೆ ಬಂದು ಅನುವಾದದ ಕೆಲಸಕ್ಕೆ ಕೂತರು. ಅಮೆರಿಕನ್ನರಿಗೆ ಬೌದ್ಧ ಧರ್ಮ ಎಂದರೆ ಝೆನ್ ಎಂಬ ಭಾವನೆ ಬಂದದ್ದು ಆ ಕಡೆಯಿಂದ. ಸ್ಯಾನ್ ಹೊಸೆಯ ಮಂದಿರ ಕಟ್ಟಿದ್ದು ತೋಟದ ಕೂಲಿಗಳು, ಬಟ್ಟೆ ಒಗೆಯುವ ಅಂಗಡಿಯವರು, ಸ್ಟ್ರಾಬೆರಿ ಬೆಳೆದವರು. ಇವೆರಡು ಗುಂಪುಗಳು ಒಂದನ್ನೊಂದು ಬಹಳ ಕಾಲ ಮಾತಾಡಿಸಲೇ ಇಲ್ಲ ಅನ್ನಬಹುದು.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜಪಾನಿ ಯುವಕರು 1898ರಲ್ಲಿ ಯುವ ಬೌದ್ಧ ಸಂಘ ಮಾಡಿಕೊಂಡು, ಗುರುಗಳನ್ನು ಕಳಿಸಿ ಎಂದು ಕ್ಯೋಟೊಗೆ ಬರೆದರು. ಕ್ರೈಸ್ತ ಮಿಶನ್‌ಗಳು ಆಗಲೇ ಅವರಿಗೆ ಇಂಗ್ಲಿಷ್ ಕ್ಲಾಸು, ಉಳಿಯಲು ಜಾಗ ಕೊಡುತ್ತಿದ್ದವು. ಬೌದ್ಧರಿಗೆ ಏನೂ ಇರಲಿಲ್ಲ. 1899ರ ಸೆಪ್ಟೆಂಬರಿನಲ್ಲಿ ಸೊನೊಡಾ ಮತ್ತು ನಿಶಿಜಿಮಾ ಎಂಬ ಇಬ್ಬರು ಗುರುಗಳು ಬಂದಿಳಿದರು. ತಮಾಷೆ ಏನೆಂದರೆ, ಇದು ಬೇಡ ಎಂದು ಮೊದಲು ಮುಖ ಸಿಂಡರಿಸಿದ್ದು ಜಪಾನಿನ ಕಾನ್ಸುಲ್ ಕಚೇರಿ. ಜಪಾನಿಯರ ಮೇಲೆ ಆಗಲೇ ಸಿಟ್ಟಿರುವ ಊರಿನಲ್ಲಿ ಬೇರೆ ಧರ್ಮವನ್ನೂ ತಂದರೆ ಸಂಬಂಧ ಕೆಡುತ್ತದೆ ಎಂಬ ಭಯ ಅವರಿಗೆ. ಗುರುಗಳು ಮಾತ್ರ ಮರುವರ್ಷವೇ ಬಿಳಿಯರಿಗಾಗಿ ಇಂಗ್ಲಿಷಿನಲ್ಲಿ ಸಭೆ ಶುರುಮಾಡಿದರು. 1901ರಿಂದ ಒಂದು ಇಂಗ್ಲಿಷ್ ಪತ್ರಿಕೆಯನ್ನೂ ತಂದರು. ಹೆದರಿ ಮೂಲೆ ಸೇರಿದವರು ಹೀಗೆ ಮಾಡುವುದಿಲ್ಲ, ಅಲ್ವಾ?

ಹವಾಯಿಯಲ್ಲಿ ಇದೇ ಕೆಲಸವನ್ನು ದೊಡ್ಡದಾಗಿ ಮಾಡಿದವರು ಇಮಾಮುರಾ ಯೆಮ್ಯೊ. ಕ್ಯೋಟೊದ ಆ ಇಂಗ್ಲಿಷ್ ಶಾಲೆಯಲ್ಲಿ ಓದಿದವರು. 1900ರಿಂದ 1932ರಲ್ಲಿ ತೀರಿಕೊಳ್ಳುವವರೆಗೂ ಹವಾಯಿಯ ಹೊಂಗ್ವಾಂಜಿಯ ಮುಖ್ಯಸ್ಥರಾಗಿದ್ದರು. 1904ರಲ್ಲಿ ವೈಪಾಹು ತೋಟದಲ್ಲಿ ಕೂಲಿಗಳು ಮುಷ್ಕರ ಹೂಡಿದಾಗ ಅವರು ಹೋಗಿ ಸಮಾಧಾನ ಹೇಳಿ ಕೆಲಸಕ್ಕೆ ಮರಳಿಸಿದರು. ತೋಟದ ಮಾಲೀಕರಿಗೆ ಇದು ಬಹಳ ಹಿಡಿಸಿತು. ಆಮೇಲೆ ತೋಟ ತೋಟದಲ್ಲಿ ಬೌದ್ಧ ಮಂದಿರಕ್ಕೆ ಜಾಗ ಕೊಟ್ಟರು, ದುಡ್ಡನ್ನೂ ಕೊಟ್ಟರು. ಮಿಶನರಿಗಳ ಮೊಮ್ಮಕ್ಕಳ ಜಾಗದಲ್ಲಿ ಬುದ್ಧನ ಗುಡಿ! ಇದನ್ನು ಓದಿದ ಕೆಲವರು ಇಮಾಮುರಾ ಅವರನ್ನು ಮಾಲೀಕರ ಕಡೆಯವರು ಎನ್ನುತ್ತಾರೆ. ನನಗೆ ಅದು ಪೂರ್ತಿ ನ್ಯಾಯ ಅನ್ನಿಸುವುದಿಲ್ಲ. 1920ರ ದೊಡ್ಡ ಮುಷ್ಕರದ ಹೊತ್ತಿಗೆ ಅವರು ಕೂಲಿಗಳ ಬೇಡಿಕೆಯ ಪರ ನಿಂತರು, ಮಾಲೀಕರ ಸಿಟ್ಟಿಗೂ ಗುರಿಯಾದರು.

ಬೆಂಚಿನ ವಿಷಯಕ್ಕೆ ಇಲ್ಲಿ ಬರೋಣ. 1918ರಲ್ಲಿ ಇಮಾಮುರಾ ಹೊನೊಲುಲುವಿನಲ್ಲಿ ಹೊಸ ಮಂದಿರ ಕಟ್ಟಿಸಿದರು. ನಕ್ಷೆ ಮಾಡಿದ್ದು ಬಿಳಿಯರ ಆರ್ಕಿಟೆಕ್ಟ್ ಸಂಸ್ಥೆ. ಮೇಲೆ ನೋಡಿದರೆ ಜಪಾನಿ ಸೂರು ಇಲ್ಲ, ನಮ್ಮ ಸ್ತೂಪ, ಗೋಪುರಗಳನ್ನು ನೆನಪಿಸುವ ಭಾರತೀಯ ಶೈಲಿಯ ಗುಮ್ಮಟಗಳು. ಒಳಗೆ ಬೆಂಚು, ಪೈಪ್ ಆರ್ಗನ್. ಬೌದ್ಧ ಧರ್ಮ ಜಪಾನಿಯರ ಸ್ವಂತ ಸೊತ್ತಲ್ಲ, ಅದು ಎಲ್ಲರದು ಎಂದು ತೋರಿಸಬೇಕಿತ್ತು ಅವರಿಗೆ. ಅದಕ್ಕೆ ಹುಟ್ಟಿದ ನೆಲದ ಕಡೆ ಕೈಚಾಚಿದರು ಎಂದು ನಾನು ಓದಿಕೊಳ್ಳುತ್ತೇನೆ. ಅರ್ನೆಸ್ಟ್ ಹಂಟ್, ಡೊರೊತಿ ಹಂಟ್ ಎಂಬ ಇಂಗ್ಲಿಷ್ ದಂಪತಿಗೆ 1924ರಲ್ಲಿ ದೀಕ್ಷೆಯನ್ನೂ ಕೊಟ್ಟರು. ಅವರಿಬ್ಬರು ಇಂಗ್ಲಿಷಿನಲ್ಲಿ ಪೂಜಾಕ್ರಮ, ಹಾಡು ಸಿದ್ಧಮಾಡಿದರು.

ಅದೇ ಊರಿನಲ್ಲಿ ಇನ್ನೊಂದು ಕಟ್ಟಡ ಇದೆ, ಮಾಕಿಕಿ ಕ್ರಿಶ್ಚಿಯನ್ ಚರ್ಚ್. ಕಟ್ಟಿಸಿದವರು ಒಕುಮುರಾ ತಾಕಿಯೆ ಎಂಬ ಜಪಾನಿ ಪಾದ್ರಿ. ಜಪಾನಿ ಮಕ್ಕಳು ಪೂರಾ ಅಮೆರಿಕನ್ನರಾಗಬೇಕು ಎಂದು 1920ರ ದಶಕದಲ್ಲಿ ತೋಟ ತೋಟ ತಿರುಗಿ ಪ್ರಚಾರ ಮಾಡಿದವರು, ಬೌದ್ಧ ಮಂದಿರಗಳನ್ನು ಕಟುವಾಗಿ ಟೀಕಿಸಿದವರು. ಅವರ ಚರ್ಚು ಹೇಗಿದೆ ಗೊತ್ತೇ? 1932ರಲ್ಲಿ ಎದ್ದ ಆ ಕಟ್ಟಡ ಜಪಾನಿನಲ್ಲಿ ಅವರ ತವರಾದ ಕೊಚಿ ಊರಿನ ಕೋಟೆಯ ಮಾದರಿಯದು. ಹಲವು ಅಂತಸ್ತಿನ ಜಪಾನಿ ಕೋಟೆ, ಒಳಗೆ ಯೇಸುವಿನ ಆರಾಧನೆ. ಒಂದೇ ಊರಿನಲ್ಲಿ ಬೌದ್ಧರು ಆರ್ಗನ್ ನುಡಿಸುತ್ತಿದ್ದಾರೆ, ಕ್ರೈಸ್ತರು ಸಮುರಾಯ್ ಕೋಟೆಯಲ್ಲಿ ಪ್ರಾರ್ಥಿಸುತ್ತಿದ್ದಾರೆ. ಯಾರು ಯಾರನ್ನು ಅನುಕರಿಸಿದರು ಎಂದು ಹೇಳಿ ನೋಡೋಣ. ಇಬ್ಬರೂ ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂದು ತಾವೇ ಆರಿಸಿದ್ದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಹಾಗೆಂದು ಒತ್ತಾಯವನ್ನು ಮರೆಯಬಾರದು. ಆ ಕಾಲದ ಕಾನೂನು ಏಷ್ಯಾದವರ ವಿರುದ್ಧವೇ ಇತ್ತು. 1882ರಲ್ಲಿ ಚೀನೀ ಕೂಲಿಗಳಿಗೆ ಬಾಗಿಲು ಮುಚ್ಚಿತು. 1913ರಲ್ಲಿ ಕ್ಯಾಲಿಫೋರ್ನಿಯಾ ಜಪಾನಿಯರು ಜಮೀನು ಕೊಳ್ಳದ ಹಾಗೆ ಕಾನೂನು ಮಾಡಿತು. ವಲಸೆ ಬಂದವರಲ್ಲಿ ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ. ತಾಕಾವೊ ಒಜಾವಾ ಎಂಬವರು ಕೋರ್ಟಿಗೆ ಹೋದರು. ಬರ್ಕ್ಲಿಯಲ್ಲಿ ಓದಿದವರು, ಮನೆಯಲ್ಲಿ ಇಂಗ್ಲಿಷ್ ಮಾತು, ಮಕ್ಕಳು ಅಮೆರಿಕನ್ ಚರ್ಚಿಗೆ ಹೋಗುತ್ತಿದ್ದರು. 1922ರಲ್ಲಿ ಸುಪ್ರೀಂ ಕೋರ್ಟ್, ನೀವು ಬಿಳಿಯರಲ್ಲ, ಆಗುವುದಿಲ್ಲ ಅಂದಿತು. ಮರುವರ್ಷ ಪಂಜಾಬಿನ ಸಿಖ್ ಭಗತ್ ಸಿಂಗ್ ಥಿಂಡ್ ಅವರಿಗೂ ಅದೇ ಉತ್ತರ. ಚರ್ಚಿಗೆ ಹೋದರೂ ಒಳಗೆ ಬಿಡದ ದೇಶ ಅದು. ಬರೀ ಬೆಂಚು ಹಾಕಿ ಅದರ ಮೆಚ್ಚುಗೆ ಗಳಿಸಬಹುದು ಎಂದು ಆ ಬೌದ್ಧರು ನಂಬಿದ್ದರು ಅನ್ನುವುದು ಅವರನ್ನು ದಡ್ಡರನ್ನಾಗಿ ಮಾಡಿದ ಹಾಗೆ. ಬೆಂಚು ಹಾಕಿದ್ದು ಮುಖ್ಯವಾಗಿ ತಮ್ಮ ಮಕ್ಕಳಿಗಾಗಿ. ಅಮೆರಿಕದಲ್ಲೇ ಹುಟ್ಟಿದ, ಇಂಗ್ಲಿಷ್ ಮಾತಾಡುವ, ಮಂಡಿಯೂರಿ ಕೂತು ಅಭ್ಯಾಸ ಇಲ್ಲದ ಮಕ್ಕಳು ಮಂದಿರಕ್ಕೆ ಬರಬೇಕಿತ್ತು.

1930ರ ದಶಕದಲ್ಲಿ ಗಾಳಿ ಇನ್ನೊಂದು ಕಡೆಯಿಂದಲೂ ಬೀಸಿತು. ಜಪಾನಿನಲ್ಲಿ ರಾಷ್ಟ್ರೀಯವಾದದ ಅಬ್ಬರ ಜೋರಾಯಿತು. ಇಮಾಮುರಾ ಹೋದ ಮೇಲೆ ಬಂದ ಮುಖ್ಯಸ್ಥರಿಗೆ ಇಂಗ್ಲಿಷ್ ಸೇವೆ ಬೇಡವಾಯಿತು, ಹಂಟ್ ಅವರನ್ನು ಹೊರಗೆ ಕಳಿಸಿದರು. ನೀವು ನೋಡಿದ ಸ್ಯಾನ್ ಹೊಸೆಯ ಕಟ್ಟಡ ಈ ದಶಕದ್ದೇ, 1937ರದು. ಅದರ ಹೊರರೂಪ ಅಷ್ಟು ಅಪ್ಪಟ ಜಪಾನಿ ಆಗಿರುವುದಕ್ಕೆ ಕಾಲದ ಈ ಗಾಳಿಯೂ ಒಂದು ಕಾರಣ ಇರಬಹುದು.

ಆಮೇಲೆ ಪರ್ಲ್ ಹಾರ್ಬರ್. ಹವಾಯಿಯ ಆ ನೌಕಾನೆಲೆಯ ಮೇಲೆ ಜಪಾನ್ 1941ರ ಡಿಸೆಂಬರ್ 7ರಂದು ದಾಳಿ ಮಾಡಿದ ದಿನವೇ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಬಂಧನ ಶುರುಮಾಡಿತು. ಪಟ್ಟಿ ಮೊದಲೇ ತಯಾರಿತ್ತು. ಮೊದಲು ಒಯ್ದವರಲ್ಲಿ ಬೌದ್ಧ ಗುರುಗಳಿದ್ದರು. ಅವರು ಏನು ಮಾಡಿದ್ದರು ಎಂಬ ವಿಚಾರಣೆ ಇಲ್ಲ, ಗುರುಗಳಾಗಿದ್ದೇ ಸಾಕಿತ್ತು. ಮನೆಮನೆಯಲ್ಲಿ ಜನ ಜಪಾನಿ ಪತ್ರ, ಫೋಟೊ, ಸೂತ್ರದ ಪುಸ್ತಕಗಳನ್ನು ಒ‌ಲೆಗೆ ಹಾಕಿದರು. 1942ರ ಫೆಬ್ರವರಿ 19ರ ಅಧ್ಯಕ್ಷರ ಆದೇಶದ ನಂತರ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಮನೆ ಬಿಡಿಸಿ ಶಿಬಿರಗಳಿಗೆ ತುಂಬಿದರು. ಮೂರರಲ್ಲಿ ಎರಡು ಪಾಲು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಮೊದಲ ತಾತ್ಕಾಲಿಕ ಶಿಬಿರಗಳಲ್ಲಿ ಜಪಾನಿ ಅಕ್ಷರದ ಪುಸ್ತಕಗಳನ್ನು ಕಿತ್ತುಕೊಂಡರು. ಬೈಬಲ್, ಕ್ರೈಸ್ತ ಹಾಡಿನ ಪುಸ್ತಕ, ನಿಘಂಟುಗಳಿಗೆ ಮಾತ್ರ ವಿನಾಯಿತಿ. ಒತ್ತಾಯ ಎಂದು ನೀವು ಕೇಳಿದಿರಲ್ಲ, ಇದು ಒತ್ತಾಯ.

ವಯೊಮಿಂಗ್ ರಾಜ್ಯದ ಹಾರ್ಟ್ ಮೌಂಟನ್ ಶಿಬಿರದ ಒಂದು ಸಂಗತಿ ಹೇಳಲೇಬೇಕು. ಯುದ್ಧ ಮುಗಿದು, ಶಿಬಿರ ಎತ್ತಿ, ಆ ಜಮೀನನ್ನು ರೈತರಿಗೆ ಹಂಚಿದರು. 1950ರ ದಶಕದಲ್ಲಿ ಹಳೆಯ ಸ್ಮಶಾನದ ಹತ್ತಿರ ಒಂದು ಲೋಹದ ಡ್ರಮ್ ನೆಲದಡಿಯಿಂದ ಹೊರಬಂತು. ಅದರ ತುಂಬ ಸಣ್ಣ ಬೆಣಚುಕಲ್ಲುಗಳು. ಬಹಳಷ್ಟು ಕಲ್ಲಿನ ಮೇಲೆ ಮಸಿಯಲ್ಲಿ ಒಂದೊಂದೇ ಅಕ್ಷರ. ಏನಿದು ಎಂದು ದಶಕಗಳವರೆಗೆ ಯಾರಿಗೂ ಗೊತ್ತಾಗಲಿಲ್ಲ, ‘ರಹಸ್ಯದ ಕಲ್ಲುಗಳು’ ಎಂದೇ ಕರೆದರು. ಕೊನೆಗೆ ಜಪಾನಿನ ವಿದ್ವಾಂಸರು ಗುರುತಿಸಿದರು. ಅದು ಸದ್ಧರ್ಮಪುಂಡರೀಕ ಸೂತ್ರ ಎಂಬ ಬೌದ್ಧ ಗ್ರಂಥ. ಒಂದು ಕಲ್ಲಿಗೆ ಒಂದು ಅಕ್ಷರ ಬರೆದು ಹೂಳುವುದು ಜಪಾನಿನ ಹಳೆಯ ಪುಣ್ಯಕಾರ್ಯ. ಶಿಬಿರದಲ್ಲಿದ್ದ, ನಿಚಿರೆನ್ ಎಂಬ ಇನ್ನೊಂದು ಬೌದ್ಧ ಪಂಥದ ಗುರು ಮುರಾಕಿತಾ ಎಂಬವರು ಬರೆದದ್ದು ಎಂದು ತಿಳಿದವರು ಹೇಳುತ್ತಾರೆ. ಈಗ ಆ ಕಲ್ಲುಗಳು ಲಾಸ್ ಏಂಜಲೀಸಿನ ಜಪಾನಿ ಅಮೆರಿಕನ್ ಮ್ಯೂಸಿಯಂನಲ್ಲಿವೆ. ಶಿಬಿರದಲ್ಲಿ ಎಲ್ಲರೂ ಚರ್ಚಿನ ಧಾಟಿಗೆ ಹೊರಳಿದರು ಎಂದು ಬರೆಯಲು ಹೊರಟವರು ಈ ಡ್ರಮ್ ಅನ್ನು ಒಮ್ಮೆ ನೆನೆಯಬೇಕು.

ಯೂಟಾದ ಟೋಪಾಜ್ ಶಿಬಿರದಲ್ಲಿ 1944ರಲ್ಲಿ ಹೊಂಗ್ವಾಂಜಿಯ ಅಮೆರಿಕ ಶಾಖೆ ಸಭೆ ಸೇರಿ ತನ್ನನ್ನು ‘ಬುದ್ಧಿಸ್ಟ್ ಚರ್ಚಸ್ ಆಫ್ ಅಮೆರಿಕ’ ಎಂದು ಕರೆದುಕೊಂಡಿತು. ಕೆಲವು ಊರುಗಳ ಮಂದಿರಗಳು ಯುದ್ಧಕ್ಕೆ ಮೊದಲೇ ಚರ್ಚ್ ಎಂದು ಹೆಸರಿಟ್ಟುಕೊಂಡಿದ್ದವು. ಈಗ ಇಡೀ ಸಂಸ್ಥೆಗೇ ಅದು ಅಧಿಕೃತವಾಯಿತು, ಅದೂ ಮುಳ್ಳುತಂತಿಯ ಒಳಗೆ. ಅಧಿಕಾರ ಅಮೆರಿಕದಲ್ಲಿ ಹುಟ್ಟಿದ ಪೀಳಿಗೆಯ ಕೈಗೆ ಬಂತು. ಬೌದ್ಧರ ಹಳೆಯ ಚಿಹ್ನೆಯಾದರೂ ಯುರೋಪಿನಲ್ಲಿ ನಾಜಿಗಳಿಂದ ಹೆಸರು ಕೆಟ್ಟಿದ್ದ ಸ್ವಸ್ತಿಕ ಹಿಂದೆ ಸರಿದು ಧರ್ಮಚಕ್ರ ಮುಂದೆ ಬಂತು. ಅದೇ ವರ್ಷಗಳಲ್ಲಿ ಇವರ ಹುಡುಗರು ಅಮೆರಿಕದ ಸೇನೆಯಲ್ಲಿ ಇಟಲಿ, ಫ್ರಾನ್ಸಿನಲ್ಲಿ ಕಾದಾಡುತ್ತಿದ್ದರು. ಕೊರಳ ಬಿಲ್ಲೆಯಲ್ಲಿ ಧರ್ಮ ಸೂಚಿಸಲು ಮೂರೇ ಅಕ್ಷರ: ಪ್ರಾಟೆಸ್ಟೆಂಟ್, ಕ್ಯಾಥಲಿಕ್, ಯಹೂದಿ. ಬೌದ್ಧ ಹುಡುಗನಿಗೆ ಅಕ್ಷರವೇ ಇರಲಿಲ್ಲ.

ಶಿಬಿರದಿಂದ ಬಿಡುಗಡೆಯಾದವರಿಗೆ ಮನೆ ಇರಲಿಲ್ಲ. ಆಗ ಮಂದಿರಗಳೇ ಹಾಸ್ಟೆಲ್ ಆದವು. ಬೆಂಚು ಸರಿಸಿ ಹಾಸಿಗೆ ಹಾಕಿ, ಬೆಡ್‌ಶೀಟು ಕಟ್ಟಿ ಮರೆ ಮಾಡಿಕೊಂಡು ಸಂಸಾರಗಳು ಉಳಿದವು. 1950ರ ದಶಕದಲ್ಲಿ ಬರ್ಕ್ಲಿಯ ಮಂದಿರವನ್ನು ನಡೆಸುತ್ತಿದ್ದವರು ಇಮಾಮುರಾ ಅವರ ಮಗ ಕನ್ಮೊ ಮತ್ತು ಸೊಸೆ ಜೇನ್. ಅವರ ಅಧ್ಯಯನ ಗುಂಪಿಗೆ ಗ್ಯಾರಿ ಸ್ನೈಡರ್‌ರಂಥ ಬಿಳಿಯ ಕವಿಗಳು ಬಂದು ಕೂರುತ್ತಿದ್ದರು. ಅಮೆರಿಕದಲ್ಲಿ ಬೌದ್ಧ ಧರ್ಮ ಹಬ್ಬಿದ ಕಥೆ ಹೇಳುವವರು ಕವಿಗಳ ಹೆಸರು ನೆನಪಿಟ್ಟುಕೊಂಡರು. ಬಾಗಿಲು ತೆರೆದಿಟ್ಟ ದಂಪತಿಯನ್ನು ಮರೆತರು. ಇದು ನನಗೆ ಇವತ್ತಿಗೂ ಸರಿಕಾಣದ ವಿಷಯ.

ಹೀಗಾಗಿ ನೀವು ಕಂಡ ಒಂದೊಂದು ವಸ್ತುವಿಗೂ ಬೇರೆ ಬೇರೆ ಉತ್ತರ. ಭಾನುವಾರಕ್ಕೆ ಕೂಲಿ ಕಾರಣ, ಹಾಡಿಗೆ ಜಪಾನಿನ ಶಾಲೆ ಕಾರಣ, ಬೆಂಚಿಗೆ ಮಕ್ಕಳು ಕಾರಣ. ಹೆಸರಿನ ಹಿಂದೆ ಮಾತ್ರ ಸೆರೆವಾಸದ ನೆರಳು ದಟ್ಟವಾಗಿದೆ. ಈಚೆಗೆ ಎಷ್ಟೋ ಮಂದಿರಗಳು ಚರ್ಚ್ ಎಂಬ ಹೆಸರು ಬಿಟ್ಟು ಟೆಂಪಲ್ ಎಂದು ಬದಲಿಸಿಕೊಂಡಿವೆ.

ಇನ್ನು ನಿಮ್ಮ ಮೊಮ್ಮಗಳ ಪ್ರಶ್ನೆ. ಈ ಇತಿಹಾಸಕ್ಕೆ ಇಂಗ್ಲಿಷ್ ಒಂದೇ ಸಾಲದು. ಅಮೆರಿಕನ್ ಬೋರ್ಡಿನ ಮಿಶನರಿಗಳ ಪತ್ರಗಳು ಹಾರ್ವರ್ಡ್‌ನ ಹೌಟನ್ ಲೈಬ್ರರಿಯಲ್ಲಿ ರಾಶಿ ಬಿದ್ದಿವೆ. ಬಹಳ ಕಾಲ ಇತಿಹಾಸಕಾರರು ಅವನ್ನೇ ಓದಿ, ಮಿಶನರಿಗಳ ಕಣ್ಣಿನಿಂದಲೇ ಏಷ್ಯಾವನ್ನು ನೋಡಿದರು. ಸರ್ಕಾರಿ ಕಡತ ಓದಿದರೆ ಪೊಲೀಸರ ಕಣ್ಣು. ಮಂದಿರದವರ ಮಾತು ಬೇಕೆಂದರೆ ಜಪಾನಿ ಓದಬೇಕು. ಅವರ ಸ್ವಂತ ದಾಖಲೆಗಳಲ್ಲಿ ಎಷ್ಟೋ 1941ರ ಡಿಸೆಂಬರಿನಲ್ಲಿ ಸುಟ್ಟುಹೋದವು. ಉಳಿದದ್ದರಲ್ಲಿ ದೊಡ್ಡ ಆಸರೆ ಹಳೆಯ ವಲಸಿಗರ ಪತ್ರಿಕೆಗಳು: ಸ್ಯಾನ್ ಫ್ರಾನ್ಸಿಸ್ಕೊದ ‘ಶಿನ್ ಸೆಕಾಯ್’, ‘ನಿಚಿಬೆ’, ಹೊನೊಲುಲುವಿನ ‘ನಿಪ್ಪು ಜಿಜಿ’. ಸ್ಟ್ಯಾನ್‌ಫರ್ಡ್‌ನ ಹೂವರ್ ಸಂಸ್ಥೆ ಇವನ್ನು ಸ್ಕ್ಯಾನ್ ಮಾಡಿ ಆನ್‌ಲೈನಿನಲ್ಲಿ ಹಾಕಿದೆ. ಶಿಬಿರದೊಳಗೆ ಹೊರಡುತ್ತಿದ್ದ ‘ಟೋಪಾಜ್ ಟೈಮ್ಸ್’, ‘ಹಾರ್ಟ್ ಮೌಂಟನ್ ಸೆಂಟಿನೆಲ್’ ಪತ್ರಿಕೆಗಳೂ ಸಿಗುತ್ತವೆ. ಅವು ಸೆನ್ಸಾರ್ ಕಣ್ಣಿನಡಿ ಬಂದವು ಎಂಬುದನ್ನು ಮರೆಯದೆ ಓದಬೇಕು.

ಅವಳಿಗೆ ನಿಜಕ್ಕೂ ಆಸಕ್ತಿ ಇದ್ದರೆ ಒಂದು ದಾರಿ ಹೇಳುತ್ತೇನೆ. ಗುರುಗಳ ಬಗ್ಗೆ, ಕೋರ್ಟ್ ಕೇಸುಗಳ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಪ್ರತಿ ಮಂದಿರದಲ್ಲೂ ‘ಫುಜಿನ್‌ಕೈ’ ಎಂಬ ಮಹಿಳಾ ಸಂಘ ಇರುತ್ತಿತ್ತು. ಫೋಟೊ ನೋಡಿ ಮದುವೆಯಾಗಿ, ಹಡಗು ಹತ್ತಿ ಬಂದ ಹೆಂಗಸರು ಕಟ್ಟಿದ್ದು. ಚಂದಾ ಎತ್ತಿದವರು, ಅಡುಗೆ ಮಾಡಿ ಮಾರಿ ಸಾಲ ತೀರಿಸಿದವರು, ಸಂಡೇ ಸ್ಕೂಲಿನಲ್ಲಿ ಮಕ್ಕಳನ್ನು ಕೂರಿಸಿ ಕಲಿಸಿದವರು ಅವರೇ. ಅವರ ಲೆಕ್ಕದ ಪುಸ್ತಕ, ಅಡುಗೆ ಪುಸ್ತಕ, ಗುಂಪು ಫೋಟೊಗಳು ಎಷ್ಟೋ ಮಂದಿರದ ಕಪಾಟಿನಲ್ಲೇ ಉಳಿದಿರುತ್ತವೆ. ಸ್ಯಾನ್ ಹೊಸೆಯಲ್ಲಿ ಜಪಾನಿ ಅಮೆರಿಕನ್ನರದೇ ಒಂದು ಮ್ಯೂಸಿಯಂ ಇದೆ, ಮಂದಿರದಿಂದ ನಡೆದೇ ಹೋಗಬಹುದು. ಮೊದಲು ಅಲ್ಲಿ ವಿಚಾರಿಸಲಿ. ಆಮೇಲೆ ತೀರಿಕೊಂಡ ಹಿರಿಯರನ್ನು ನೆನೆಯುವ ಜುಲೈನ ಓಬೊನ್ ಹಬ್ಬಕ್ಕೆ ಮಂದಿರದ ಅಡುಗೆಮನೆಯಲ್ಲಿ ಕೈಜೋಡಿಸಲು ಹೋದರೆ, ಯಾವ ಕಡತದಲ್ಲೂ ಇಲ್ಲದ ಕಥೆಗಳನ್ನು ಹೇಳುವ ಅಜ್ಜಿಯರು ಸಿಗುತ್ತಾರೆ. ಮಾತು ರೆಕಾರ್ಡ್ ಮಾಡಿಕೊಳ್ಳುವ ಮೊದಲು ಅವರ ಒಪ್ಪಿಗೆ ಕೇಳುವುದನ್ನು ಮಾತ್ರ ಮರೆಯದಿರಲಿ.